ಹಳೆಯ ತಂಡದ ಹೊಸ ಹಾಡು

ಇಪ್ಪತ್ತು ವರ್ಷ ದಾಟಿದ ಸಂಗೀತ ತಂಡವನ್ನು ಹೆಚ್ಚು ಕಾಡುವುದು ಅದರ ಹಳೆಯ ಹಾಡುಗಳೇ. ವೇದಿಕೆ ಹತ್ತಿದ ಕೂಡಲೇ ‘ಅದನ್ನೇ ಹಾಡಿ’ ಎಂಬ ಕೂಗು ಏಳುತ್ತದೆ. ಹಾಡಿದರೆ ಚಪ್ಪಾಳೆ ಖಾತ್ರಿ. ಅಷ್ಟಕ್ಕೇ ನಿಲ್ಲದವರನ್ನು ಕಂಡರೆ ನನಗೆ ಗೌರವ. ಬೆಂಗಳೂರಿನ ರಾಕ್ ತಂಡ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಅಂಥದ್ದು. 1996ರಲ್ಲಿ ಹುಟ್ಟಿದ ಈ ತಂಡದ ಮೊದಲ ಆಲ್ಬಂ ಬಂದದ್ದು 2000ದಲ್ಲಿ. 2012ರಲ್ಲಿ ಮೂರು ಸಿ.ಡಿ.ಗಳ ‘3 ವೀಲ್ಸ್ 9 ಲೈವ್ಸ್’ ಬಂತು. 2020ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ‘ಎ ವರ್ಲ್ಡ್ ಗಾನ್ ಮ್ಯಾಡ್’. ಬ್ರೂಸ್ ಲೀ ಮಣಿಯವರ ಕಂಠ ಮತ್ತು ಗಿಟಾರು, ರಾಜೀವ್ ರಾಜಗೋಪಾಲ್ ಅವರ ಡ್ರಮ್ಸ್ ಮಾತ್ರ ಉದ್ದಕ್ಕೂ ಉಳಿದಿವೆ. ಮಿಕ್ಕವರು ಬಂದು ಹೋಗಿದ್ದಾರೆ.

ಇದನ್ನು ಓದುವಾಗ ತುಮಕೂರು ಸೀಮೆಯವರಿಗೆ ಗುಬ್ಬಿ ಕಂಪನಿ ನೆನಪಾಗಬೇಕು. 1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲಕನಾಗಿ ಸೇರಿದ ವೀರಣ್ಣ ಮುಂದೆ ಅದರ ಒಡೆಯರಾದರು. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಅದೊಂದೇ ನಾಟಕ ಆಡಿಕೊಂಡಿದ್ದರೂ ಟೆಂಟು ತುಂಬುತ್ತಿತ್ತು. ಆದರೆ ಕಂಪನಿಗೆ ಐವತ್ತು ತುಂಬಿದ 1934ರಲ್ಲಿ ವೀರಣ್ಣ ‘ಕುರುಕ್ಷೇತ್ರ’ಕ್ಕೆ ಕೈಹಾಕಿದರು. ಆನೆ, ಕುದುರೆಗಳು ಜೀವಂತವಾಗಿ ರಂಗದ ಮೇಲೆ ಬಂದವು. ದೀಪದ ಝಳಕ್ಕೆ, ಜನರ ಗದ್ದಲಕ್ಕೆ ಬೆದರದಂತೆ ಪ್ರಾಣಿಗಳನ್ನು ಪಳಗಿಸಬೇಕು, ಅವುಗಳ ಭಾರ ತಾಳುವ ರಂಗ ಕಟ್ಟಬೇಕು, ಹೊಟ್ಟೆಗೆ ಹಾಕಬೇಕು. ಹೆಸರು ಮಾಡಿ ಆಗಿದ್ದವರಿಗೆ ಈ ಉಸಾಬರಿ ಏಕೆ ಬೇಕಿತ್ತು? ಸುಖವಾಗಿ ಕೂರಲು ಮನಸ್ಸು ಒಪ್ಪಲಿಲ್ಲ, ಅಷ್ಟೇ. ಕಲಾವಿದನ ನಿಜವಾದ ಹರೆಯ ಅದೇ ಎಂದು ನಾನು ನಂಬಿದ್ದೇನೆ.

ಎರಡು ತಂಡಗಳಿಗೂ ಇನ್ನೊಂದು ನಂಟಿದೆ. ಎರಡೂ ಕಲಿಸಿವೆ. ನರಸಿಂಹರಾಜು, ಬಾಲಕೃಷ್ಣ, ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಈ ರಾಕ್ ತಂಡವೂ ಬೆಂಗಳೂರಿನಲ್ಲಿ ‘ಟಾಕಾಡೆಮಿ’ ಎಂಬ ಸಂಗೀತ ಶಾಲೆ ಕಟ್ಟಿತು. ಹುಡುಗರ ಮುಂದೆ ದಿನವೂ ಕೂತು ತಾಳ ತಿದ್ದುವವರ ಕೈ ಜಡ್ಡುಗಟ್ಟುವುದಿಲ್ಲ. ಸಿನಿಮಾದ ಹಂಗಿಲ್ಲದೆ ಸ್ವಂತ ಹಾಡು ಕಟ್ಟುವವರಿಗೆ ಆಲ್ಬಂನಿಂದಲೇ ಹೊಟ್ಟೆ ತುಂಬುವುದು ಕಷ್ಟ. ಪಾಠ ಹೇಳುವುದು ಆ ಸ್ವಾತಂತ್ರ್ಯಕ್ಕೂ ಒಂದು ಆಸರೆ.

ಈ ರಾಕ್ ತಂಡದ ಹಾಡುಗಳು ಇಂಗ್ಲಿಷಿನವು, ಸಂಗೀತದಲ್ಲಿ ಜಾಝ್, ಬ್ಲೂಸ್, ಫಂಕ್ ಬೆರೆತಿವೆ, ಹೀಗಾಗಿ ಇದು ನಮ್ಮದಲ್ಲ ಎನ್ನುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಮಟ್ಟುಗಳಲ್ಲಿ ಎಷ್ಟೋ ಪಾರ್ಸಿ, ಮರಾಠಿ ರಂಗಭೂಮಿಯವು. ಇಂದು ಅವೇ ನಮ್ಮ ರಂಗಗೀತೆಗಳು. ಹೊಸ ನಾದ ಈ ಮಣ್ಣಿಗೆ ಒಗ್ಗಲು ಕಾಲ ಬೇಕು, ಕೇಳುವ ಕಿವಿಯೂ ಬೇಕು.

ತುಮಕೂರಿನಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್. ನಮ್ಮ ಕಾಲೇಜುಗಳ ಹಬ್ಬಗಳಿಗೆ ಬ್ಯಾಂಡ್ ಕರೆಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ: ಒಂದು ಸಂಜೆಯಾದರೂ ಸಿನಿಮಾ ಹಾಡು ಬದಿಗಿಟ್ಟು, ಇಂಥ ತಂಡಕ್ಕೆ ತನ್ನದೇ ಹೊಸ ಹಾಡುಗಳನ್ನು ಹಾಡಲು ಹೇಳಿ. ಜಾಗ ಹುಡುಕಬೇಕಿಲ್ಲ. ಊರಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವೇ ಇದೆ.