ಘಮಘಮ ಯಾರ ಮೂಗಿಗೆ?

ಹುಣಸೂರಿನ ನಾಮಕರಣವಾಗಲಿ, ಪಿರಿಯಾಪಟ್ಟಣದ ತೊಟ್ಟಿಲು ಶಾಸ್ತ್ರವಾಗಲಿ, ಬೆಂಗಳೂರಿಂದ ಹೋಗುವ ನಮ್ಮಂಥವರ ಕೈಯಲ್ಲಿ ಒಂದು ಬೇಬಿ ಗಿಫ್ಟ್ ಸೆಟ್ ಇದ್ದೇ ಇರುತ್ತೆ. ಸೋಪು, ಪೌಡರು, ಲೋಷನ್ನು, ಎಣ್ಣೆ. ಎಲ್ಲವೂ ಘಮಘಮ. ಎತ್ತಿಕೊಂಡವರೆಲ್ಲ ಮಗುವಿನ ತಲೆ ಮೂಸಿ ಖುಷಿಪಡ್ತಾರೆ. ನನ್ನ ತಕರಾರು ಇರೋದೇ ಇಲ್ಲಿ. ಈ ಸುಗಂಧದಿಂದ ಮಗುವಿನ ಚರ್ಮಕ್ಕೆ ಮೂರು ಕಾಸಿನ ಉಪಯೋಗವಿಲ್ಲ. ಅದನ್ನು ಹಾಕಿರೋದು ದೊಡ್ಡವರ ಮೂಗಿಗಾಗಿ.

ಹಸುಗೂಸಿನ ಚರ್ಮದ ಹೊರಪದರ ನಮ್ಮದಕ್ಕಿಂತ ತೆಳು. ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರವೂ ಹೆಚ್ಚು. ಬಹುತೇಕ ಮಕ್ಕಳಿಗೆ ಏನೂ ಆಗಲ್ಲ, ನಿಜ. ಆದರೆ ಕೆಲವರಿಗೆ ಸುಗಂಧದ ಅಲರ್ಜಿ ಅಂಟಿಕೊಳ್ಳುತ್ತೆ. ಒಮ್ಮೆ ಅಂಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡಲ್ಲ. ಇಸುಬಿರುವ ಮಕ್ಕಳಿಗಂತೂ ಸುಗಂಧವಿಲ್ಲದ್ದನ್ನೇ ಹಚ್ಚಿ ಅಂತ ಚರ್ಮವೈದ್ಯರು ಹೇಳ್ತಾರೆ. ಲಾಭವೇ ಇಲ್ಲದ ಕಡೆ ಸಣ್ಣ ಅಪಾಯವೂ ದುಬಾರಿ.

ಪ್ಯಾಕಿನ ಹಿಂಬದಿ ನೋಡಿ. ಎಷ್ಟೋ ಸಲ 'ಪರ್ಫ್ಯೂಮ್' ಅಂತ ಒಂದೇ ಪದ ಇರುತ್ತೆ. ಅದರೊಳಗೆ ಹತ್ತಾರು ರಾಸಾಯನಿಕಗಳಿರಬಹುದು. ಯುರೋಪಿಯನ್ ಒಕ್ಕೂಟ ಮೊದಲು 26 ಸುಗಂಧವಸ್ತುಗಳನ್ನು ಹೆಸರು ಹಿಡಿದು ಬರೆಯಬೇಕು ಎಂದಿತು. ಹಚ್ಚಿ ಹಾಗೇ ಬಿಡುವ ಕ್ರೀಮಿನಲ್ಲಿ ಶೇ. 0.001 ಮೀರಿದರೆ ಸಾಕು, ಹೆಸರು ಹಾಕಲೇಬೇಕು. 2023ರಲ್ಲಿ ಆ ಪಟ್ಟಿ 80 ದಾಟಿತು. ವರ್ಷಗಟ್ಟಲೆ ಬಳಕೆಯಲ್ಲಿದ್ದ ಲಿಲಿಯಲ್ ಎಂಬ ಸುಗಂಧವಸ್ತು, ಸಂತಾನಶಕ್ತಿಗೆ ಹಾನಿ ಮಾಡಬಹುದೆಂಬ ಕಾರಣಕ್ಕೆ 2022ರ ಮಾರ್ಚ್‌ನಲ್ಲಿ ಅಲ್ಲಿ ನಿಷೇಧವಾಯಿತು.

'ನಮ್ಮದು ನ್ಯಾಚುರಲ್' ಅನ್ನೋರಿಗೂ ಒಂದು ಮಾತು. 1916ರಲ್ಲೇ ಗಂಧದೆಣ್ಣೆ ಕಾರ್ಖಾನೆ ಕಂಡ ಮೈಸೂರು ಸೀಮೆಯವರಿಗೆ ಇದು ರುಚಿಸಲಿಕ್ಕಿಲ್ಲ: ಯುರೋಪಿನ ಹೊಸ ಪಟ್ಟಿಯಲ್ಲಿ ಶ್ರೀಗಂಧದ ಎಣ್ಣೆಯೂ ಇದೆ. ಗಿಡದಿಂದ ಬಂದದ್ದೆಲ್ಲ ಕೂಸಿಗೆ ಸೌಮ್ಯ ಅನ್ನೋದು ಜಾಹೀರಾತಿನ ಮಾತು. ಸ್ನಾನ ಮಾಡಿಸಿ ಸಾಂಬ್ರಾಣಿ ಹಾಕುವ ನಮ್ಮ ಪದ್ಧತಿಗೂ ವಿನಾಯಿತಿ ಬೇಡ. ಅಜ್ಜಿ ಹಾಕಿದರೂ ಹೊಗೆ ಹೊಗೆಯೇ.

ಇನ್ನು ಭಾಷೆ. ಕೇಂದ್ರದ 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ಪ್ಯಾಕಿನ ಮೇಲಿನ ಕಡ್ಡಾಯ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಕನ್ನಡ ಹಾಕಿದರೆ ಅಡ್ಡಿಯಿಲ್ಲ, ಹಾಕಲೇಬೇಕು ಅಂತ ಆ ನಿಯಮ ಹೇಳಲ್ಲ. ಎಚ್.ಡಿ. ಕೋಟೆಯ ಮೆಡಿಕಲ್ ಶಾಪಿನಲ್ಲಿ ಲೋಷನ್ ಕೊಳ್ಳುವ ತಾಯಿಗೆ ಕನ್ನಡ ಮಾತ್ರ ಓದಲು ಬಂದರೆ, ಆ ಪಟ್ಟಿ ಇದ್ದೂ ಇಲ್ಲದ ಹಾಗೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲ ಅಂತ ಜಗಳ ಕಾಯುವ ನಾವು, ಕೂಸಿಗೆ ಹಚ್ಚುವ ಬಾಟಲಿ ಮೇಲೆ ಕನ್ನಡ ಎಲ್ಲಿ ಅಂತ ಯಾಕೆ ಕೇಳಲ್ಲ? ಒಳಗೆ ಸುಗಂಧ ಇದೆಯೋ ಇಲ್ಲವೋ ಅನ್ನೋದು ಪ್ಯಾಕಿನ ಮುಂಭಾಗದಲ್ಲೇ, ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ ಇರಬೇಕು. ನನ್ನ ಬೇಡಿಕೆ ಇಷ್ಟೇ.

ಅಲ್ಲಿಯವರೆಗೆ ಓದಲು ಬರುವ ನಾವಾದರೂ ಓದಿ ಕೊಳ್ಳೋಣ. 'ಫ್ರಾಗ್ರೆನ್ಸ್ ಫ್ರೀ' ಅಂದರೆ ಸುಗಂಧ ಸೇರಿಸಿಲ್ಲ ಅಂತ. 'ಅನ್‌ಸೆಂಟೆಡ್' ಅಂದರೆ ಅದಲ್ಲ. ಬೇರೆ ವಾಸನೆ ಮುಚ್ಚಲು ಅದರಲ್ಲೂ ಸುಗಂಧ ಇರಬಹುದು. ಮುಂದಿನ ಸಲ ಕೆ.ಆರ್. ನಗರಕ್ಕೆ ಕೂಸು ನೋಡಲು ಹೊರಟಾಗ ಆ ಘಮಘಮ ಸೆಟ್ ಅಂಗಡಿಯಲ್ಲೇ ಇರಲಿ. ಮೆತ್ತನೆಯ ಎರಡು ಹತ್ತಿ ಜುಬ್ಬ ಒಯ್ಯಿರಿ, ಬಾಣಂತಿಗೆ ಒಂದಿಷ್ಟು ಹಣ್ಣು. ಕೂಸಿಗೆ ಅದರದೇ ವಾಸನೆ ಚೆನ್ನಾಗಿರುತ್ತೆ.