ಹೆದರಿಸುವ ಟ್ರೇಲರ್ ಎಷ್ಟು ತೋರಿಸಬೇಕು?

ಹಾಡು, ಹಾಸ್ಯ, ಹೊಡೆದಾಟದ ಚಿತ್ರಗಳು ತಮ್ಮಲ್ಲಿರುವ ಒಳ್ಳೆಯದನ್ನು ಮೊದಲೇ ತೋರಿಸಿ ಜನರನ್ನು ಕರೆಯಬಹುದು. ಹತ್ತು ಸಲ ಕೇಳಿದ ಹಾಡನ್ನು ತೆರೆಯ ಮೇಲೆ ನೋಡುವ ಆಸೆ ಕಡಿಮೆಯಾಗುವುದಿಲ್ಲ, ಬೆಳೆಯುತ್ತದೆ. ದೆವ್ವದ ಚಿತ್ರಕ್ಕೆ ಈ ಅನುಕೂಲವಿಲ್ಲ. ಒಮ್ಮೆ ಕಂಡ ದೆವ್ವ ಎರಡನೆಯ ಸಲ ಅಷ್ಟು ಹೆದರಿಸದು. ಹಾಗಾದರೆ ಎರಡು ಮೂರು ನಿಮಿಷದ ಟ್ರೇಲರ್ ಏನನ್ನು ತೋರಿಸಬೇಕು, ಏನನ್ನು ತಡೆಹಿಡಿಯಬೇಕು? ಇದು ಸಿನಿಮಾ ಮಾಡುವವರ ತಲೆನೋವು ಮಾತ್ರವಲ್ಲ. ಟ್ರೇಲರನ್ನು ನಂಬಿ ಜಗಳೂರಿನಿಂದ ದಾವಣಗೆರೆಗೆ, ನ್ಯಾಮತಿಯಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತುವ ಪ್ರೇಕ್ಷಕರ ಪ್ರಶ್ನೆಯೂ ಹೌದು.

ಭಯ ಹುಟ್ಟುವ ಬಗೆಯನ್ನು ನಮ್ಮವರು ಬಹಳ ಹಿಂದೆಯೇ ಬಿಡಿಸಿ ಹೇಳಿದ್ದಾರೆ. ಭರತನ ನಾಟ್ಯಶಾಸ್ತ್ರ ಭಯಾನಕ ರಸದ ಕಾರಣಗಳನ್ನು ಪಟ್ಟಿ ಮಾಡುತ್ತದೆ: ವಿಕಾರವಾದ ದನಿ, ಭೂತದ ದರ್ಶನ, ನರಿ ಗೂಬೆಗಳ ಕೂಗು, ಪಾಳುಬಿದ್ದ ಮನೆ, ಕಾಡು. ಇವು ವಿಭಾವಗಳು. ನಡುಗುವ ಕೈಕಾಲು, ನಿಲ್ಲದೆ ಅಲೆಯುವ ಕಣ್ಣು, ನಿಮಿರಿದ ರೋಮ, ಬಣ್ಣಗೆಟ್ಟ ಮುಖ, ಒಡೆದ ದನಿ, ಇವು ಅನುಭಾವಗಳು. ಇಂದಿನ ಯಾವ ಹಾರರ್ ಟ್ರೇಲರ್ ನೋಡಿದರೂ ಇದೇ ಸಾಮಗ್ರಿ ಕಾಣುತ್ತದೆ. ಆದರೆ ಒಳ್ಳೆಯ ಟ್ರೇಲರ್ ಇವುಗಳ ಕ್ರಮವನ್ನು ತಿರುವುಮುರುವು ಮಾಡುತ್ತದೆ. ಹೆದರಿದ ಮುಖ ಮೊದಲು ಬರುತ್ತದೆ. ಹೆದರಿಸಿದ್ದು ಕಾಣುವುದೇ ಇಲ್ಲ. ಹೆದರಿದವಳು ಏನನ್ನು ನೋಡಿ ಕಿರುಚಿದಳು ಎಂಬುದು ತಿಳಿಯದಿರುವ ತನಕ ನೋಡುವವನ ಮನಸ್ಸು ತನಗೆ ಅತ್ಯಂತ ಭಯಂಕರವಾದದ್ದನ್ನು ಆ ಜಾಗದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಸದ್ದಿನಲ್ಲೂ ಅಷ್ಟೇ. ಬಾಗಿಲು ಕಿರುಗುಟ್ಟುತ್ತದೆ, ಉಸಿರು ಕೇಳುತ್ತದೆ, ಆಮೇಲೆ ಎಲ್ಲವೂ ನಿಲ್ಲುತ್ತದೆ. ಆ ಮೌನ ಇನ್ನೇನು ಒಡೆಯುತ್ತದೆ ಎಂದು ಕಾಯುವ ಕ್ಷಣವೇ ನಿಜವಾದ ಭಯ. ನಂತರ ಬೀಳುವ ಸದ್ದು ಬರೀ ಬೆಚ್ಚಿಸುತ್ತದೆ.

1960ರ ‘ಸೈಕೋ’ ಚಿತ್ರದ ಪ್ರಚಾರಕ್ಕೆ ಆಲ್‌ಫ್ರೆಡ್ ಹಿಚ್‌ಕಾಕ್ ಚಿತ್ರದ ದೃಶ್ಯಗಳನ್ನು ಪೋಣಿಸಲಿಲ್ಲ. ಆರು ನಿಮಿಷಕ್ಕೂ ಹೆಚ್ಚು ಕಾಲ ತಾನೇ ಆ ಖಾಲಿ ಮೋಟೆಲು, ಖಾಲಿ ಮನೆಗಳಲ್ಲಿ ಓಡಾಡಿ, ಇಲ್ಲಿ ಏನೋ ನಡೆಯಿತು ಎಂದು ಅರ್ಧಂಬರ್ಧ ಹೇಳಿ ನಿಲ್ಲಿಸುತ್ತಾ ಹೋದ. 2009ರಲ್ಲಿ ಅಮೆರಿಕದಾದ್ಯಂತ ತೆರೆಕಂಡ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ಯ ಟ್ರೇಲರ್ ಇನ್ನೂ ಮುಂದೆ ಹೋಗಿ, ಕತ್ತಲಲ್ಲಿ ಕುಳಿತು ಚಿತ್ರ ನೋಡುತ್ತಾ ಬೆಚ್ಚಿಬೀಳುವ ಪ್ರೇಕ್ಷಕರನ್ನೇ ತೋರಿಸಿತು. ಅನುಭಾವವೊಂದೇ ಸಾಕು, ಜನ ಬರುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಕಲೆ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಿಲ್ಲ. ಯಕ್ಷಗಾನದಲ್ಲಿ ರಾಕ್ಷಸ ಪಾತ್ರ ನೇರವಾಗಿ ರಂಗಕ್ಕೆ ಬರುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಆರ್ಭಟ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ಚೆಂಡೆ ಏರುತ್ತದೆ; ಮುಖ ಮಾತ್ರ ಕಾಣದು. ಸಿನಿಮಾಕ್ಕೂ ಇದೇ ಸಂಯಮವಿತ್ತು. ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಹಳ್ಳಿ ಪಟ್ಟಣಗಳ ಬೀದಿಯಲ್ಲಿ ಸ್ಪೀಕರ್ ಕಟ್ಟಿದ ಗಾಡಿ ಸುತ್ತುತ್ತಿತ್ತು, ಬಣ್ಣದ ಕಾಗದದ ಕರಪತ್ರ ಹಾರುತ್ತಿತ್ತು, ಚಿತ್ರಮಂದಿರದ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ಆ ಪುಸ್ತಕದ ಕಥಾಸಾರ ನಾಯಕಿ ಅಪಾಯಕ್ಕೆ ಸಿಕ್ಕ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂಬ ಆಹ್ವಾನ ಅದರ ಕೊನೆಯಲ್ಲಿರುತ್ತಿತ್ತು.

ಸಿನಿಮಾದ ಹೊರಗೂ ಒಂದು ಉದಾಹರಣೆ ಇದೆ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲು, ಗೋಡೆಗಳ ಮೇಲೆ ಜನ ‘ನಾಳೆ ಬಾ’ ಎಂದು ಬರೆದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ ಎಂಬ ನಂಬಿಕೆ. ದೆವ್ವ ಕಣ್ಣಿಗೆ ಬೀಳಲಿಲ್ಲ. ಕಂಡದ್ದು ಮನೆಮನೆಯ ಬರಹ ಮಾತ್ರ. ಅಷ್ಟಕ್ಕೇ ಊರಿಗೂರೇ ಹೆದರಿತು. 2018ರಲ್ಲಿ ಹಿಂದಿಯ ‘ಸ್ತ್ರೀ’ ಚಿತ್ರ ಇಂಥದೇ ಗೋಡೆಬರಹವನ್ನು ಕಥೆಯ ನಡುವೆ ಇಟ್ಟಿತು.

ಗುಟ್ಟು ಬಿಟ್ಟುಕೊಡಬಾರದೆಂಬ ಈ ಮಾತಿಗೊಂದು ಆಕ್ಷೇಪವಿದೆ. ಗುಟ್ಟು ಗೊತ್ತಿದ್ದೂ ಜನ ಬರುವುದಿಲ್ಲವೇ? ಮಲಯಾಳಂನ ‘ಮಣಿಚಿತ್ರತ್ತಾಳ್’ 1993ರಲ್ಲೇ ಬಂದಿತ್ತು; ಅದೇ ಕಥೆಯ ‘ಆಪ್ತಮಿತ್ರ’ವನ್ನು 2004ರಲ್ಲಿ ಕನ್ನಡಿಗರು ತಿಂಗಳುಗಟ್ಟಲೆ ನೋಡಿದರು. ಆ ಚಿತ್ರದಲ್ಲಿ ಕಾಡುವ ನಾಗವಲ್ಲಿ ಯಾರೆಂದು ತಿಳಿದವರೂ ಮತ್ತೆ ಹೋದರು. ಹಿಚ್‌ಕಾಕ್ ಕೂಡ, ಮೇಜಿನ ಕೆಳಗೆ ಬಾಂಬ್ ಇದೆ ಎಂದು ಪ್ರೇಕ್ಷಕರಿಗೆ ಮೊದಲೇ ತಿಳಿಸಿದರೆ ಕುತೂಹಲ ಹೆಚ್ಚುತ್ತದೆ ಎಂದವನೇ. ಆಕ್ಷೇಪ ಸರಿಯಾದದ್ದೇ. ಆದರೆ ಅಪಾಯವಿದೆ ಎಂದು ತಿಳಿಯುವುದು ಬೇರೆ, ಅದು ಹೇಗೆ ಮುಗಿಯಿತೆಂದು ತಿಳಿಯುವುದು ಬೇರೆ. ಅರಮನೆಯಲ್ಲಿ ಬೀಗ ಹಾಕಿದ ಕೋಣೆಯೊಂದಿದೆ ಎಂದು ಹೇಳುವುದು ಟ್ರೇಲರಿನ ಕೆಲಸ. ಆ ಬಾಗಿಲನ್ನು ತೆರೆಯುವುದು ಚಿತ್ರದ ಕೆಲಸ. ಮತ್ತೆ ಮತ್ತೆ ಬಂದವರನ್ನು ಕರೆತಂದದ್ದು ಗುಟ್ಟಲ್ಲ, ನಟನೆ ಮತ್ತು ಹಾಡು; ಅಂಥ ಬಲವಿಲ್ಲದ ಚಿತ್ರಕ್ಕೆ ಗುಟ್ಟೇ ಬಂಡವಾಳ. ಇಂದಿನ ಅನೇಕ ಟ್ರೇಲರುಗಳು ಅದನ್ನೂ ಮೊದಲೇ ಖರ್ಚುಮಾಡುತ್ತವೆ: ಆರಂಭದ ಸುಖ, ಮಧ್ಯದ ಕಾಟ, ಕೊನೆಯ ಮಂತ್ರವಾದಿ, ಎಲ್ಲವೂ ಸಾಲಾಗಿ.

ಇಂದಿನ ಟ್ರೇಲರುಗಳ ಎರಡನೆಯ ಕೊರತೆ ಇನ್ನೂ ಗಂಭೀರವಾದದ್ದು. ನಿಜವಾಗಿ ನಡೆದದ್ದು ಎಂಬ ನೆರಳನ್ನು ಟ್ರೇಲರುಗಳು ಧಾರಾಳವಾಗಿ ಬಳಸುತ್ತವೆ. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಕಾಡಿನಲ್ಲಿ ಕಾಣೆಯಾದವರ ಕ್ಯಾಮೆರಾ ಸಿಕ್ಕಿತೆಂಬ ಪ್ರಚಾರದಿಂದಲೇ ಜಗತ್ತನ್ನು ಸೆಳೆಯಿತು. ಕನ್ನಡದಲ್ಲಿ 2013ರ ‘6-5=2’ ಚಾರಣಕ್ಕೆ ಹೋದವರ ಕ್ಯಾಮೆರಾದ ದೃಶ್ಯಗಳೆಂಬ ರೂಪದಲ್ಲಿ ಕಥೆ ಹೇಳಿತು. ಕಥೆ ಹೇಳುವ ವಿಧಾನವಾಗಿ ಇದರಲ್ಲಿ ದೋಷವಿಲ್ಲ. ಆದರೆ ವಾಮಾಚಾರ, ಅಮಾನವೀಯ ಆಚರಣೆಗಳನ್ನು ತಡೆಯಲು 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಗಿ ಬಂದ ನಾಡು ಇದು. ಮೈಮೇಲೆ ಬಂದಿದೆ ಎಂದು ಕಾಯಿಲೆಯ ಹೆಣ್ಣುಮಗಳನ್ನು ಆಸ್ಪತ್ರೆಯ ಬದಲು ಮಂತ್ರವಾದಿಯ ಬಳಿಗೆ ಒಯ್ಯುವುದು ಇನ್ನೂ ನಿಂತಿಲ್ಲ. ಇಲ್ಲಿ ಕಲ್ಪನೆಯನ್ನು ಸತ್ಯಘಟನೆ ಎಂದು ಮಾರುವುದು ಮನರಂಜನೆಯ ಗಡಿ ದಾಟುತ್ತದೆ.

ಮೊಬೈಲು ಬಂದ ಮೇಲೆ ಈ ಹೊಣೆ ಹೆಚ್ಚಿದೆ. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಯೂಟ್ಯೂಬಿಗೆ ಹಾಕಲು ಬೇಡ. ಬೆಂಗಳೂರಿನಲ್ಲಿ ಬಿಡುಗಡೆಯಾದ ಟ್ರೇಲರ್ ಅದೇ ಗಳಿಗೆಯಲ್ಲಿ ಚನ್ನಗಿರಿಯ ಅಡಿಕೆ ತೋಟದ ಮನೆಗೂ ಹೊನ್ನಾಳಿಯ ಹೊಳೆದಂಡೆಯ ಊರಿಗೂ ತಲುಪುತ್ತದೆ. ಮಗುವಿನ ಕೈಗೂ ತಲುಪುತ್ತದೆ. ಚಿತ್ರ ಮಾತ್ರ ಅಷ್ಟು ಬೇಗ ಎಲ್ಲ ಊರಿಗೂ ಬರುವುದಿಲ್ಲ. ನೋಡಬೇಕೆಂದರೆ ಟಿಕೆಟಿನ ಜೊತೆ ಬಸ್ಸಿಗೂ ಹಣ ತೆರಬೇಕು, ಒಂದು ದಿನದ ಕೆಲಸವನ್ನೂ ಬಿಡಬೇಕು. ಟ್ರೇಲರಿನಲ್ಲಿದ್ದ ಭಯವಷ್ಟೇ ಚಿತ್ರದಲ್ಲೂ ಇದ್ದು ಬೇರೇನೂ ಇಲ್ಲದಿದ್ದರೆ ಅಂಥವರು ಮುಂದಿನ ಕನ್ನಡ ಚಿತ್ರಕ್ಕೆ ಬರುವುದಿಲ್ಲ. 2015ರಲ್ಲಿ ‘ರಂಗಿತರಂಗ’ ಬಿಡುಗಡೆಯಾದ ಮರುವಾರವೇ ‘ಬಾಹುಬಲಿ’ ಬಂದರೂ ‘ರಂಗಿತರಂಗ’ವನ್ನು ಉಳಿಸಿದ್ದು ನೋಡಿದವರ ಬಾಯಿಮಾತು. ಟ್ರೇಲರ್ ಜನರನ್ನು ಮೊದಲ ದಿನಕ್ಕೆ ಕರೆತರಬಲ್ಲದು. ಎರಡನೆಯ ವಾರಕ್ಕೆ ಕರೆತರುವುದು ಚಿತ್ರವೇ.

ಆದ್ದರಿಂದ ಭಯದ ಚಿತ್ರ ಮಾಡುವವರಲ್ಲಿ ನನ್ನ ಕೋರಿಕೆ ಮೂರು. ದೆವ್ವವನ್ನು ತೋರಿಸಬೇಡಿ, ಅದು ಬರುವ ದಾರಿಯನ್ನು ತೋರಿಸಿ. ಕಲ್ಪಿಸಿದ್ದನ್ನು ನಡೆದದ್ದು ಎನ್ನಬೇಡಿ. ಟ್ರೇಲರಿನಲ್ಲಿ ಕೊಟ್ಟ ಮಾತನ್ನು ಚಿತ್ರದಲ್ಲಿ ಉಳಿಸಿಕೊಳ್ಳಿ. ದೂರದ ಊರಿನಿಂದ ಬಸ್ಸು ಹತ್ತಿ ಬರುವ ಪ್ರೇಕ್ಷಕರಿಗೆ ಸಲ್ಲಬೇಕಾದ ಕನಿಷ್ಠ ಮರ್ಯಾದೆ ಇದು.