ಪದವಿ ವಿದ್ಯಾರ್ಥಿಯೂ ಆನರ್ಸ್ ಪ್ರಬಂಧವೂ

ಪರೀಕ್ಷಾ ಮಂದಿರದಲ್ಲಿ ಕುಳಿತ ವಿದ್ಯಾರ್ಥಿಯು ಬರೆಯುವುದು ಉತ್ತರವನ್ನು, ಪ್ರಶ್ನೆಯು ಬೇರೊಬ್ಬರದು. ಒಂದನೆಯ ತರಗತಿಯಿಂದ ಪದವಿಯ ಕೊನೆಯ ವರ್ಷದವರೆಗೆ ಹದಿನೈದು ವರ್ಷಗಳ ಕಾಲ ಪರರ ಪ್ರಶ್ನೆಗಳಿಗೆ ಉತ್ತರ ಬರೆದು ಅವನು ಪದವೀಧರನೆನಿಸಿ ಹೊರಬರುತ್ತಾನೆ. ತನ್ನದೇ ಆದ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಅದರ ಬೆನ್ನುಹತ್ತಿ ಒಂದು ವರ್ಷ ದುಡಿದು, ಕಂಡುದನ್ನು ಬರೆದು, ಬಲ್ಲವರ ಮುಂದೆ ನಿಂತು ಸಮರ್ಥಿಸುವ ಅವಕಾಶವು ಬಹುಮಂದಿಗೆ ಒಮ್ಮೆಯೂ ದೊರೆಯುವುದಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಆನರ್ಸ್ ಪ್ರಬಂಧವೆಂಬ ಹೆಸರಿನಿಂದ ನಡೆದುಬಂದಿರುವ ಪದ್ಧತಿಯು ಈ ಅವಕಾಶವನ್ನು ಒದಗಿಸುತ್ತದೆ. ಕರ್ನಾಟಕದಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯು ಬಂದು, ಬೇರೂರುವ ಮೊದಲೇ ಹಿಂದೆ ಸರಿದಿರುವ ಈ ಹೊತ್ತಿನಲ್ಲಿ ಆ ಪದ್ಧತಿಯ ಗುಣದೋಷಗಳ ವಿವೇಚನೆ ಅಪ್ರಸ್ತುತವಾಗಲಾರದು.

ಪೆನ್ಸಿಲ್ವೇನಿಯ ರಾಜ್ಯದ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ 1922ರಲ್ಲಿ ಆನರ್ಸ್ ವ್ಯಾಸಂಗವನ್ನು ಆರಂಭಿಸಿದವರು ಅದರ ಅಧ್ಯಕ್ಷರಾಗಿದ್ದ ಫ್ರಾಂಕ್ ಏಡಲಾಟ್. ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಅವರು, ಕೊನೆಯ ಎರಡು ವರ್ಷಗಳಲ್ಲಿ ವಿದ್ಯಾರ್ಥಿಗಳನ್ನು ಸಣ್ಣ ಸಣ್ಣ ಗೋಷ್ಠಿಗಳಲ್ಲಿ ಕೂರಿಸಿ, ಪರೀಕ್ಷೆಯ ಹೊಣೆಯನ್ನು ಮಾತ್ರ ಬೇರೆ ಸಂಸ್ಥೆಗಳ ವಿದ್ವಾಂಸರಿಗೆ ಒಪ್ಪಿಸಿದರು. ಕಲಿಸಿದವರೇ ಅಂಕ ಹಾಕುವಲ್ಲಿ ಗುರುವು ಅರ್ಧ ನ್ಯಾಯಾಧೀಶನಾಗುತ್ತಾನೆ; ಪರೀಕ್ಷಕನು ಹೊರಗಿನವನಾದರೆ ಗುರುಶಿಷ್ಯರಿಬ್ಬರೂ ಒಂದೇ ಪಕ್ಷದವರಾಗಿ ದುಡಿಯುತ್ತಾರೆ. ಪರಸ್ಥಳದ ಪಂಡಿತರ ಸಭೆಯಲ್ಲಿ ಎದ್ದು ನಿಂತು, ಮೊದಲು ಪೂರ್ವಪಕ್ಷವನ್ನು ಲೋಪವಿಲ್ಲದೆ ನಿರೂಪಿಸಿ, ಅನಂತರ ತನ್ನ ಸಿದ್ಧಾಂತವನ್ನು ಸ್ಥಾಪಿಸಬೇಕಾದ ವಾಕ್ಯಾರ್ಥದ ಕ್ರಮವನ್ನು ಬಲ್ಲವರಿಗೆ ಇದು ಹೊಸತೆನಿಸದು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು 1920ರ ದಶಕದಲ್ಲಿಯೇ ಕೊನೆಯ ವರ್ಷದ ಪ್ರಬಂಧವನ್ನು ಕಡ್ಡಾಯಗೊಳಿಸಿತು. ಆರೆಗನ್ ರಾಜ್ಯದ ರೀಡ್ ಕಾಲೇಜಿನಲ್ಲಿ ಪ್ರಬಂಧವನ್ನು ಬರೆದು ಮೌಖಿಕ ಪರೀಕ್ಷೆಯಲ್ಲಿ ಸಮರ್ಥಿಸದೆ ಯಾರಿಗೂ ಪದವಿಯಿಲ್ಲ. ಅನೇಕ ಕಡೆ ಇದು ಬಯಸಿದವರಿಗೆ ಮಾತ್ರ.

ಇಂತಹ ಪ್ರಬಂಧದಿಂದ ಏನು ಸಾಧ್ಯವೆಂಬುದಕ್ಕೆ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನರ ನಿದರ್ಶನವು ಮನನಯೋಗ್ಯ. 1939ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದ ಅವರು, ಪ್ರೊಫೆಸರ್ ಸ್ಲೇಟರರ ಮಾರ್ಗದರ್ಶನದಲ್ಲಿ ಅಣುಗಳೊಳಗಿನ ಬಲಗಳನ್ನು ಕುರಿತು ಪ್ರಬಂಧ ಬರೆದರು. ಅಣುವಿನಲ್ಲಿರುವ ಒಂದು ಬೀಜದ ಮೇಲೆ ಬೀಳುವ ಬಲವನ್ನು ತಿಳಿಯಲು ಸುತ್ತಲ ಎಲೆಕ್ಟ್ರಾನುಗಳ ಹರಹು ಗೊತ್ತಿದ್ದರೆ ಸಾಕು, ಉಳಿದುದು ಸಾಮಾನ್ಯ ವಿದ್ಯುದಾಕರ್ಷಣೆಯ ಲೆಕ್ಕವೇ ಎಂಬುದು ಅದರ ತಿರುಳು. ಪ್ರಬಂಧದ ಸಾರವು ಅದೇ ವರ್ಷ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಇದೇ ಫಲಿತವನ್ನು ಜರ್ಮನಿಯ ಹೆಲ್ಮನ್ 1937ರಲ್ಲಿಯೇ ತಮ್ಮ ಗ್ರಂಥದಲ್ಲಿ ಹೇಳಿದ್ದರು. ಆದುದರಿಂದ ಇಂದು ಅದು ಇಬ್ಬರ ಹೆಸರನ್ನೂ ಹೊತ್ತಿದೆ. ಹಾಗೆಂದು ಫೈನ್‌ಮನ್ನರ ಶ್ರಮ ವ್ಯರ್ಥವಾಯಿತೆನ್ನಲು ಬರುವುದೆ? ಲೋಕಕ್ಕೆ ಹೊಸತನ್ನು ಕೊಡುವುದು ಪಿಎಚ್.ಡಿ. ಪದವೀಧರನ ಹೊಣೆ. ಪದವಿಯ ವಿದ್ಯಾರ್ಥಿಯು ತನ್ನ ಕಾಲಿನಿಂದಲೇ ಆ ಸ್ಥಳವನ್ನು ಮುಟ್ಟಿದನೆ ಎಂಬುದನ್ನು ಮಾತ್ರ ನೋಡಬೇಕು.

ಜಾನ್ ಕೆನಡಿಯವರ ಪ್ರಬಂಧದ ಕಥೆ ಬೇರೆ. 1940ರಲ್ಲಿ ಹಾರ್ವರ್ಡಿನಲ್ಲಿ ಅವರು ಮ್ಯೂನಿಕ್ ಒಪ್ಪಂದವನ್ನು ಕುರಿತು ಬರೆದ ಆನರ್ಸ್ ಪ್ರಬಂಧವು ಅದೇ ವರ್ಷ ಗ್ರಂಥವಾಗಿ ಪ್ರಕಟವಾಯಿತು. ತಂದೆಯವರು ಆಗ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿ. ಹಸ್ತಪ್ರತಿಯನ್ನು ತಿದ್ದಲು ನೆರವಾದವರು ಹೆಸರಾಂತ ಪತ್ರಕರ್ತ ಆರ್ಥರ್ ಕ್ರಾಕ್. ಮುನ್ನುಡಿ ಬರೆದವರು ‘ಟೈಮ್’ ಪತ್ರಿಕೆಯ ಹೆನ್ರಿ ಲೂಸ್. ಯುವಕನ ಶ್ರಮವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಪ್ರಸಾದ ನಿಲಯದಲ್ಲಿ ಉಂಡು ಓದುವ ಹುಡುಗನಿಗೆ ರಾಯಭಾರಿಯಾದ ತಂದೆಯಿರುವುದಿಲ್ಲ. ತಂದೆ ಒದಗಿಸಲಾರದ ಪುಸ್ತಕ, ಪ್ರವಾಸವೆಚ್ಚ, ಬಲ್ಲವರ ಪರಿಚಯ ಇವನ್ನು ಸಂಸ್ಥೆಯೇ ಒದಗಿಸದೆ ಹೋದಲ್ಲಿ ಆನರ್ಸ್ ಪ್ರಬಂಧವು ಉಳ್ಳವರ ಮಕ್ಕಳ ಅಲಂಕಾರವಾಗಿ ನಿಲ್ಲುತ್ತದೆ.

ಕಥೆ, ಕವಿತೆ, ನಾಟಕ, ಚಿತ್ರ, ಸಂಗೀತರಚನೆ ಮೊದಲಾದವುಗಳನ್ನೂ ಪ್ರಬಂಧದ ಸ್ಥಾನದಲ್ಲಿ ಅಂಗೀಕರಿಸುವ ಸಂಪ್ರದಾಯ ಅಲ್ಲಿನ ಹಲವು ಕಾಲೇಜುಗಳಲ್ಲಿದೆ. ಸಂಪ್ರದಾಯಸ್ಥ ವಿದ್ವಾಂಸರು ಇದನ್ನು ಕೇಳಿ ಹುಬ್ಬುಗಂಟಿಕ್ಕುವುದು ಸಹಜ: ಕವಿತೆಗೆ ಅಂಕ ಹಾಕುವವರಾರು? ಪ್ರತಿಭೆಗೆ ಮಾರ್ಗದರ್ಶಕನೆಂದರೇನು? ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಅಲಂಕಾರಶಾಸ್ತ್ರದವರೇ ಕಾವ್ಯಕ್ಕೆ ಪ್ರತಿಭೆಯ ಜೊತೆಗೆ ವ್ಯುತ್ಪತ್ತಿ, ಅಭ್ಯಾಸಗಳನ್ನೂ ಕಾರಣವೆಂದು ಎಣಿಸಿದರಲ್ಲವೆ? ಪ್ರತಿಭೆಯನ್ನು ಕಲಿಸಲಾಗದು, ಉಳಿದೆರಡನ್ನು ಕಲಿಸಬಹುದು, ಪರೀಕ್ಷಿಸಲೂಬಹುದು. ಜೊನಾಥನ್ ಸಾಫ್ರನ್ ಫೋಯರ್ ಎಂಬ ಕಾದಂಬರಿಕಾರರು ಪ್ರಿನ್ಸ್‌ಟನ್ನಿನಲ್ಲಿ, ಲೇಖಕಿ ಜಾಯ್ಸ್ ಕೆರೊಲ್ ಓಟ್ಸ್ ಅವರ ಮಾರ್ಗದರ್ಶನದಲ್ಲಿ, ತಾಯಿಯ ತಂದೆಯ ಬದುಕನ್ನು ಆಧರಿಸಿ ಬರೆದ ಪ್ರಬಂಧವನ್ನೇ ಬೆಳೆಸಿ 2002ರಲ್ಲಿ ತಮ್ಮ ಮೊದಲ ಕಾದಂಬರಿಯನ್ನು ಹೊರತಂದರು. ಇದಕ್ಕಿಂತ ಅರ್ಥಪೂರ್ಣವಾದುದು ಕವಯಿತ್ರಿ ಸಿಲ್ವಿಯಾ ಪ್ಲಾತ್ ಹಿಡಿದ ದಾರಿ. ವಿದ್ಯಾರ್ಥಿದೆಸೆಯಲ್ಲಿಯೇ ಪತ್ರಿಕೆಗಳಲ್ಲಿ ಕಥೆ, ಕವಿತೆಗಳನ್ನು ಪ್ರಕಟಿಸಿದ್ದ ಆಕೆ 1955ರಲ್ಲಿ ಸ್ಮಿತ್ ಕಾಲೇಜಿಗೆ ಒಪ್ಪಿಸಿದುದು ಕವಿತಾಸಂಗ್ರಹವನ್ನಲ್ಲ. ದಾಸ್ತೋಯೆವ್‌ಸ್ಕಿಯ ಎರಡು ಕಾದಂಬರಿಗಳಲ್ಲಿ ಬರುವ ಪ್ರತಿರೂಪ ಪಾತ್ರಗಳ ಅಧ್ಯಯನವನ್ನು. ಸೃಷ್ಟಿಸುವ ಕೈಯು ಮೊದಲು ಓದುವ ಕಣ್ಣಾಯಿತು. ಆದಕಾರಣ ಕಾವ್ಯವನ್ನೊಪ್ಪಿಸುವ ವಿದ್ಯಾರ್ಥಿಯು ತಾನು ಯಾರನ್ನು ಓದಿ ಏನನ್ನು ಪಡೆದೆನೆಂದು ವಿವರಿಸುವ ಹತ್ತಿಪ್ಪತ್ತು ಪುಟಗಳನ್ನು ಜೊತೆಗಿಡಬೇಕೆಂದು ವಿಧಿಸಿದರೆ ಆಕ್ಷೇಪಣೆಗೆ ಬಹುಮಟ್ಟಿಗೆ ಸಮಾಧಾನ ದೊರೆಯುತ್ತದೆ.

ಇನ್ನು ಕನ್ನಡ ನಾಡಿನ ಸ್ಥಿತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿಯಲ್ಲಿ ಕೊನೆಯ ವರ್ಷ ಸಂಶೋಧನೆಗೆ ಸ್ಥಾನವಿದೆ. ಆದರೆ ಅದು ಆಯ್ದ ಕೆಲವರ ಭಾಗ್ಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು 2021–22ರಿಂದ ಜಾರಿಗೆ ತಂದಾಗ ಸಾಮಾನ್ಯ ಕಾಲೇಜುಗಳಿಗೂ ನಾಲ್ಕನೆಯ ವರ್ಷದ ಬಾಗಿಲು ತೆರೆಯಿತು. ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕ ಗಳಿಸಿದವರು ನಾಲ್ಕನೆಯ ವರ್ಷ 12 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧವನ್ನು ಬರೆಯಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ವಿಧಿಸಿತು. ಪರರ ಪ್ರಶ್ನೆಗಳಿಗೆ ಉತ್ತರಿಸಿ ಪಡೆದ ಅಂಕವೇ ಸ್ವಂತ ಪ್ರಶ್ನೆ ಕೇಳಲು ಅರ್ಹತೆಯಾದುದು ವಿಚಿತ್ರ! 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳಿತು. ಒಂದು ವರ್ಷದ ಹೆಚ್ಚಿನ ಖರ್ಚನ್ನು ಬಡ ಕುಟುಂಬವು ಹೊರಲಾರದು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿದ ಕಾಲೇಜು ಸಂಶೋಧನೆಗೆ ಮಾರ್ಗದರ್ಶಕರನ್ನು ಎಲ್ಲಿಂದ ತರಬೇಕು? ಆದುದರಿಂದ ಹಿಂದೆ ಸರಿದುದನ್ನು ತಪ್ಪೆನ್ನಲಾಗದು. ವರ್ಷದೊಡನೆ ಪ್ರಬಂಧವನ್ನೂ ಕೈಬಿಟ್ಟುದು ಮಾತ್ರ ಸರಿಯಲ್ಲ.

ಮೂರನೆಯ ವರ್ಷದಲ್ಲಿಯೇ, ಬಯಸಿದವರಿಗೆ ಮಾತ್ರ, ಅಂಕದ ಅಡ್ಡಗೋಡೆಯಿಲ್ಲದೆ, ನಲವತ್ತು ಪುಟಗಳ ಒಂದು ಪ್ರಬಂಧಕ್ಕೆ ಅವಕಾಶ ಕಲ್ಪಿಸುವುದು ಅಸಾಧ್ಯವೇನಲ್ಲ. ವಿಷಯಕ್ಕೆ ಬರವಿಲ್ಲ. ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ತಮ್ಮ ತಾಲ್ಲೂಕಿನದೆಂದು ಅಚ್ಚು ಮಾಡಿಸಿದ ಶಾಸನಗಳ ಪೈಕಿ ಇಂದು ಎಷ್ಟು ಸ್ವಸ್ಥಾನದಲ್ಲಿವೆ, ಎಷ್ಟು ಮನೆಯ ಮೆಟ್ಟಿಲಾಗಿವೆ ಎಂಬುದನ್ನು ಒಬ್ಬ ಹುಡುಗ ಸೈಕಲ್ ಮೇಲೆ ತಿರುಗಿ ದಾಖಲಿಸಬಹುದು. ಇಳಕಲ್ಲಿನ ನೇಕಾರರ ಮನೆಯ ಹುಡುಗಿ ಮಗ್ಗದ ಬಿಡಿಭಾಗಗಳ ಹೆಸರುಗಳನ್ನೆಲ್ಲ ಅಜ್ಜಿಯ ಬಾಯಿಂದ ಕೇಳಿ ನಿಘಂಟು ಕಟ್ಟಬಹುದು. ಆ ಅಜ್ಜಿಯನ್ನೇ ಪಾತ್ರವಾಗಿಸಿ ನಾಟಕ ಬರೆದರೂ ಆದೀತು.

ಭಯವಿರುವುದು ಬೇರೆಡೆ. ಪ್ರಾಜೆಕ್ಟ್ ವರದಿಯೆಂಬ ಹೆಸರಿನಲ್ಲಿ ಹಿಂದಿನ ವರ್ಷದವರ ಪುಟಗಳು ಹೆಸರು ಬದಲಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಆಗಿ ಬರುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಈಗಂತೂ ಕೇಳಿದೊಡನೆ ಪುಟಗಟ್ಟಲೆ ಬರೆದುಕೊಡುವ ಯಂತ್ರವೇ ಅಂಗೈಗೆ ಬಂದಿದೆ. ಇದಕ್ಕೆ ಪ್ರತೀಕಾರವು ಹಳೆಯದೇ: ಹೊರಗಿನ ವಿದ್ವಾಂಸರೊಬ್ಬರು ಎದುರು ಕುಳಿತು ಒಂದು ಗಂಟೆ ಕಾಲ ಪ್ರಶ್ನಿಸುವುದು. ನಾಲ್ಕೈದು ವಿದ್ಯಾರ್ಥಿಗಳಿಗಿಂತ ಹೆಚ್ಚು ಮಂದಿಯನ್ನು ಒಬ್ಬ ಮಾರ್ಗದರ್ಶಕನಿಗೆ ಒಪ್ಪಿಸಬಾರದು. ಆ ಕೆಲಸಕ್ಕೆ ಅವನ ವೇಳಾಪಟ್ಟಿಯಲ್ಲಿ ಬಿಡುವನ್ನೂ ಕೊಡಬೇಕು.

ದಾನಿಗಳ ಔದಾರ್ಯದಿಂದ ವಿದ್ಯಾಸಂಸ್ಥೆಗಳಲ್ಲಿ ಕಟ್ಟಡಗಳಿಗೆ ಕೊರತೆಯಿಲ್ಲವಾಗಿದೆ. ಪ್ರತಿ ಕೋಣೆಯ ಬಾಗಿಲಿಗೂ ಒಂದು ಹೆಸರಿನ ಕಲ್ಲಿದೆ. ಒಂದು ಕೋಣೆಗೆ ತಗಲುವ ವೆಚ್ಚದಲ್ಲಿ ಹತ್ತಾರು ವಿದ್ಯಾರ್ಥಿಗಳ ಪ್ರವಾಸ, ಪುಸ್ತಕ, ಹೊರಗಿನ ಪರೀಕ್ಷಕರ ಪ್ರಯಾಣ ಇವೆಲ್ಲವೂ ಹಲವು ವರ್ಷ ನಡೆದಾವು. ಹಳೆಯ ವಿದ್ಯಾರ್ಥಿಗಳಲ್ಲಿ ಅಧ್ಯಾಪಕರೂ ವಿಜ್ಞಾನಿಗಳೂ ಬರಹಗಾರರೂ ಇರುವಾಗ ಆ ಪರೀಕ್ಷಕರನ್ನು ದೂರದಲ್ಲಿ ಹುಡುಕಬೇಕಾಗಿಯೂ ಇಲ್ಲ. ರೀಡ್ ಕಾಲೇಜಿನ ಗ್ರಂಥಾಲಯದಲ್ಲಿ ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳಿಗೆಂದೇ ಒಂದು ಗೋಪುರವಿದ್ದು, ಹೊಸಬರು ಅಲ್ಲಿ ಕುಳಿತು ಹಳಬರನ್ನು ಓದುತ್ತಾರೆ. ಇಲ್ಲಿ ಪ್ರಾಜೆಕ್ಟ್ ವರದಿಗಳು ಅಂಕ ಬಿದ್ದ ಮರುವರ್ಷ ರದ್ದಿಯವನ ಪಾಲಾಗುತ್ತವೆ. ಗೋಪುರ ಬೇಡ, ಗ್ರಂಥಾಲಯದ ಒಂದು ಗೋಡೆಗೆ ಬೀಗವಿಲ್ಲದ ಎರಡು ಕಪಾಟುಗಳಾದರೆ ಈ ವರ್ಷವೇ ಆರಂಭಿಸಬಹುದು.